ಆಟಗಾರನ ಹಿರಿಮೆ: ಬರೆಹಗಾರರೂ ಲೆಕ್ಕಿಗರೂ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಚೆನ್ನೈಯಲ್ಲಿ ನೆಲಸಿದ ಕನ್ನಡಿಗರಿಗೆ ಅಮೆರಿಕದ ಬೇಸ್‌ಬಾಲಿನ ಗೊಡವೆ ಏತಕ್ಕೆ ಎಂದು ಇಂದಿನ ವಿಷಯವನ್ನು ಕಂಡವರು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮಲ್ಲಿ ಬಹುಮಂದಿ ಕ್ರಿಕೆಟ್ಟಿನ ಭಕ್ತರು. ಬೇಸ್‌ಬಾಲನ್ನು ಚಲನಚಿತ್ರದಲ್ಲಿ ಕಂಡವರುಂಟೇ ಹೊರತು ಬಯಲಿನಲ್ಲಿ ಕಂಡವರು ವಿರಳ. ಆದರೂ ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವುಂಟು. ಒಬ್ಬ ಮನುಷ್ಯನು ಇಪ್ಪತ್ತು ವರ್ಷ ಬೆವರು ಸುರಿಸಿ ಮಾಡಿದ ಕೆಲಸವನ್ನು ಯಾರು ತೂಗಬೇಕು, ಯಾವ ತಕ್ಕಡಿಯಲ್ಲಿ ತೂಗಬೇಕು ಎಂಬ ವ್ಯಾಜ್ಯ ಎಲ್ಲ ಕಸುಬುಗಳಲ್ಲೂ ಇದ್ದದ್ದೇ. ಬೇಸ್‌ಬಾಲಿನಲ್ಲಿ ಮಾತ್ರ ಅದು ಪತ್ರಿಕೆಗಳ ಪುಟಗಳಲ್ಲಿ, ಮತಪತ್ರಗಳ ಮೂಲಕ, ಎಲ್ಲರೆದುರಿಗೆ ನಡೆಯಿತು. ವಾದಿ ಪ್ರತಿವಾದಿಗಳ ಮಾತೆಲ್ಲ ಬರವಣಿಗೆಯಲ್ಲಿ ಉಳಿದಿದೆ. ಹಾಗಾಗಿ ದೂರದಲ್ಲಿ ಕುಳಿತವರೂ ಅದನ್ನು ಓದಿ ತೀರ್ಪು ಹೇಳಬಹುದು.

ನ್ಯೂಯಾರ್ಕ್ ರಾಜ್ಯದ ಕೂಪರ್ಸ್‌ಟೌನ್ ಎಂಬ ಸಣ್ಣ ಊರಿನಲ್ಲಿ ಬೇಸ್‌ಬಾಲಿನ ಕೀರ್ತಿಮಂದಿರವಿದೆ. ೧೯೩೯ರಲ್ಲಿ ಅದರ ಬಾಗಿಲು ತೆರೆಯಿತು. ಅಲ್ಲಿ ಆಟಗಾರನ ಮುಖವುಳ್ಳ ಕಂಚಿನ ಫಲಕವೊಂದು ಗೋಡೆಗೆ ಏರಿದರೆ ಅವನ ಹೆಸರು ಶಾಶ್ವತವಾಯಿತೆಂದು ಆ ಜನ ನಂಬುತ್ತಾರೆ. ಯಾರು ಏರಬೇಕೆಂಬುದನ್ನು ಮೊದಲು ನಿರ್ಣಯಿಸುವವರು ಆಟಗಾರರಲ್ಲ, ಪ್ರೇಕ್ಷಕರೂ ಅಲ್ಲ, ಪತ್ರಿಕೆಗಳ ಕ್ರೀಡಾಲೇಖಕರು. ೧೯೦೮ರಲ್ಲಿ ಹುಟ್ಟಿದ ಬೇಸ್‌ಬಾಲ್ ಬರೆಹಗಾರರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದವರಿಗೆ ಮತದ ಹಕ್ಕು. ನೂರಕ್ಕೆ ಎಪ್ಪತ್ತೈದು ಮತ ಬಂದರೆ ಪ್ರವೇಶ. ಐದಕ್ಕಿಂತ ಕಡಮೆಯಾದರೆ ಪಟ್ಟಿಯಿಂದ ಹೆಸರು ಹೋಯಿತು. ನಡುವೆ ನಿಂತವರು ಹಿಂದೆ ಹದಿನೈದು ವರ್ಷ ಕಾಯಬಹುದಾಗಿತ್ತು, ೨೦೧೪ರಿಂದ ಹತ್ತೇ ವರ್ಷ. ಅದೂ ತಪ್ಪಿದರೆ ಹಿರಿಯರ ಒಂದು ಸಮಿತಿ ಎಂದಾದರೂ ಕಣ್ಣು ತೆರೆಯಬೇಕು. ೧೯೩೬ರ ಮೊದಲ ಮತದಾನದಲ್ಲಿ ಟೈ ಕಾಬ್ ಎಂಬ ದಾಂಡಿಗನಿಗೆ ೨೨೬ರಲ್ಲಿ ೨೨೨ ಮತ ಬಂದವು. ಬೇಬ್ ರೂತ್‌ಗೆ ಬಂದದ್ದು ೨೧೫. ಅಂದರೆ ಬೇಬ್ ರೂತ್ ಹಿರಿಯ ಆಟಗಾರನೆಂದು ಒಪ್ಪದ ಹನ್ನೊಂದು ಮಂದಿ ಪಂಡಿತರು ಆಗಲೂ ಇದ್ದರು!

ಮುಂದಿನ ಮಾತು ತಿಳಿಯಬೇಕಾದರೆ ಆಟದ ಎರಡು ಸಂಗತಿಗಳು ಗೊತ್ತಿರಬೇಕು. ನಮ್ಮ ಕ್ರಿಕೆಟ್ಟಿನಲ್ಲಿ ಸಮರ್ಥನಾದ ದಾಂಡಿಗ ಇಡೀ ದಿನ ನಿಲ್ಲಬಹುದು. ಬೇಸ್‌ಬಾಲಿನಲ್ಲಿ ಹಾಗಿಲ್ಲ. ಒಂದು ಸರದಿಗೆ ಮೂರು ಔಟು, ಒಂಬತ್ತು ಸರದಿ, ಒಟ್ಟು ಇಪ್ಪತ್ತೇಳು ಔಟುಗಳು ಒಂದು ತಂಡದ ಬಂಡವಾಳ. ಅದು ಮುಗಿಯುವುದರೊಳಗೆ ನಾಲ್ಕು ನೆಲೆಗಳನ್ನು ಸುತ್ತಿ ಬಂದು ಓಟ ಗಳಿಸಬೇಕು. ಇದು ಮೊದಲನೆಯದು. ಚೆಂಡೆಸೆಯುವ ಪಿಚರ್ ಗುರಿತಪ್ಪಿ ಎಸೆದ ನಾಲ್ಕು ಚೆಂಡುಗಳನ್ನು ದಾಂಡಿಗನು ಮುಟ್ಟದೆ ಬಿಟ್ಟರೆ ಅವನು ನಡೆದುಕೊಂಡೇ ಮೊದಲನೆಯ ನೆಲೆ ಸೇರಬಹುದು. ಇದಕ್ಕೆ 'ವಾಕ್' ಎನ್ನುತ್ತಾರೆ. ಇದು ಎರಡನೆಯದು. ಹೊಡೆದು ಸೇರಿದರೂ ನಡೆದು ಸೇರಿದರೂ ಮೊದಲನೆಯ ನೆಲೆ ಒಂದೇ, ಬಂಡವಾಳದಲ್ಲಿ ಒಂದು ಔಟು ಉಳಿಯಿತು. ಈ ಪುಟ್ಟ ಸಂಗತಿಯ ಮೇಲೆ ನೂರು ವರ್ಷದ ಜಗಳ ನಿಂತಿದೆ ಎಂದರೆ ನೀವು ನಂಬಬೇಕು.

ಜಗಳವನ್ನು ಸಾಮಾನ್ಯವಾಗಿ ಹೀಗೆ ಹೇಳುವ ವಾಡಿಕೆ: ಒಂದು ಕಡೆ ಕಣ್ಣಿನಿಂದ ನೋಡಿ ಬೆಲೆ ಕಟ್ಟುವ ಕ್ರೀಡಾಲೇಖಕರು, ಇನ್ನೊಂದು ಕಡೆ ಆಟವನ್ನೇ ನೋಡದೆ ಕೋಣೆಯಲ್ಲಿ ಕುಳಿತು ಲೆಕ್ಕ ಹಾಕುವ ಸಂಖ್ಯಾಶಾಸ್ತ್ರಿಗಳು. ಈ ವರ್ಣನೆ ಚೆನ್ನಾಗಿದೆ, ಆದರೆ ನಿಜವಲ್ಲ. ಕ್ರೀಡಾಲೇಖಕರು ಎಂದೂ ಬರಿಗಣ್ಣಿನಿಂದ ತೀರ್ಪು ಕೊಟ್ಟವರಲ್ಲ. ಅವರ ಕೈಯಲ್ಲೂ ಅಂಕಿಗಳ ಪುಸ್ತಕವಿತ್ತು. ಅದು ಹಳೆಯದಾಗಿತ್ತು, ಅಷ್ಟೆ.

ಆ ಹಳೆಯ ಪುಸ್ತಕವನ್ನು ಬರೆದವರಾರು? ಹೆನ್ರಿ ಚಾಡ್ವಿಕ್. ೧೮೨೪ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಹುಟ್ಟಿ, ಬಾಲ್ಯದಲ್ಲೇ ಅಮೆರಿಕಕ್ಕೆ ಬಂದವರು. ನ್ಯೂಯಾರ್ಕಿನ ಪತ್ರಿಕೆಗಳಿಗೆ ಮೊದಲು ಅವರು ಬರೆಯುತ್ತಿದ್ದದ್ದು ಕ್ರಿಕೆಟ್ ವರದಿಗಳನ್ನು. ೧೮೫೦ರ ದಶಕದಲ್ಲಿ ಬೇಸ್‌ಬಾಲಿಗೆ ಮನಸೋತು, ಕ್ರಿಕೆಟ್ಟಿನ ಸ್ಕೋರು ಪಟ್ಟಿಯನ್ನು ಕಂಡರಿತಿದ್ದ ಆ ಕೈ ಹೊಸ ಆಟಕ್ಕೂ ಒಂದು ಪಟ್ಟಿಯನ್ನು ರೂಪಿಸಿತು. ದಾಂಡಿಗನ ಸರಾಸರಿಯ ಲೆಕ್ಕವನ್ನು ರೂಢಿಗೆ ತಂದವರಲ್ಲಿ ಅವರೇ ಪ್ರಮುಖರು. ಹೀಗೆ ಬೇಸ್‌ಬಾಲಿನ ಆದಿ ಲೆಕ್ಕಿಗನೇ ಒಬ್ಬ ಪತ್ರಕರ್ತ, ಅದರಲ್ಲೂ ನಮ್ಮ ಕ್ರಿಕೆಟ್ಟಿನ ಬಳಗದವನು.

ಚಾಡ್ವಿಕ್ ಮಹಾಶಯರಿಗೆ ಒಂದು ಅಭಿಪ್ರಾಯವಿತ್ತು. ನಾಲ್ಕು ಕೆಟ್ಟ ಎಸೆತಗಳನ್ನು ಬಿಟ್ಟು ನಡೆದುಹೋಗುವುದು ಪಿಚರನ ತಪ್ಪಿನ ಫಲ, ದಾಂಡಿಗನ ಜಾಣತನವಲ್ಲ ಎಂಬುದೇ ಅದು. ಆದಕಾರಣ ಸರಾಸರಿಯ ಲೆಕ್ಕದಲ್ಲಿ ಅದಕ್ಕೆ ಎಡೆ ಸಿಗಲಿಲ್ಲ. ೧೮೮೭ರಲ್ಲಿ ಒಂದು ವರ್ಷ ಮಾತ್ರ ಅದನ್ನು ಹೊಡೆತಕ್ಕೆ ಸಮವೆಂದು ಎಣಿಸಿ, ಸರಾಸರಿಗಳು ವಿಪರೀತ ಏರಿದ್ದನ್ನು ಕಂಡು ಕೈಬಿಟ್ಟರು. ಒಬ್ಬ ಸಜ್ಜನರ ಅಭಿರುಚಿ ಅಂಕಿಯೊಳಗೆ ಹೊಕ್ಕು ಕುಳಿತುಕೊಂಡಿತು. ಮುಂದಿನ ನೂರು ವರ್ಷ ಆ ಅಂಕಿಯನ್ನು ಓದಿದವರಿಗೆ ಅದು ಅಭಿರುಚಿಯೆಂಬುದೇ ಮರೆತುಹೋಗಿ ಪ್ರಕೃತಿಯ ನಿಯಮದಂತೆ ಕಾಣತೊಡಗಿತು.

ಅಂಕಿ ಮನುಷ್ಯನ ಕೈಬರಹ ಎಂಬುದಕ್ಕೆ ಇನ್ನೊಂದು ತಮಾಷೆಯ ಉದಾಹರಣೆ ಇದೆ. ೧೯೧೦ರಲ್ಲಿ ಚಾಮರ್ಸ್ ಎಂಬ ಮೋಟಾರು ಕಂಪನಿ ಅತಿ ಹೆಚ್ಚಿನ ಸರಾಸರಿಯವನಿಗೆ ಒಂದು ಕಾರನ್ನು ಬಹುಮಾನವಾಗಿ ಘೋಷಿಸಿತು. ಸ್ಪರ್ಧೆ ಟೈ ಕಾಬ್‌ಗೂ ನ್ಯಾಪ್ ಲಾಜೊವೆಗೂ. ಸರಾಸರಿ ಕುಗ್ಗೀತೆಂದು ಕಾಬ್ ಕಡೆಯ ಎರಡು ಆಟಗಳಿಗೆ ಇಳಿಯಲೇ ಇಲ್ಲ. ಕಾಬ್‌ನನ್ನು ಕಂಡರಾಗದ ಸೇಂಟ್ ಲೂಯಿಸ್ ತಂಡದ ಮ್ಯಾನೇಜರ್ ಕಡೆಯ ದಿನ ತನ್ನ ಮೂರನೆಯ ನೆಲೆಯ ಆಟಗಾರನನ್ನು ಬಹಳ ಹಿಂದೆ ನಿಲ್ಲಿಸಿದ. ಲಾಜೊವೆ ಚೆಂಡನ್ನು ಮೆಲ್ಲಗೆ ತಟ್ಟಿ ತಟ್ಟಿ ಒಂದೇ ದಿನ ಎಂಟು ಹೊಡೆತ ಗಳಿಸಿದ. ದೊಡ್ಡ ಗುಲ್ಲೆದ್ದಿತು. ಲೀಗಿನ ಅಧ್ಯಕ್ಷರು ಕಾಬ್ ಗೆದ್ದನೆಂದರು, ಕಂಪನಿಯವರು ಇಬ್ಬರಿಗೂ ಒಂದೊಂದು ಕಾರು ಕೊಟ್ಟು ಪಾರಾದರು. ಕಥೆ ಇಲ್ಲಿಗೆ ಮುಗಿಯಲಿಲ್ಲ. ಕಾಬ್‌ನ ಒಂದು ಆಟವನ್ನು ಗುಮಾಸ್ತರು ಪುಸ್ತಕದಲ್ಲಿ ಎರಡು ಸಲ ಬರೆದುಕೊಂಡಿದ್ದರೆಂದು ೧೯೮೧ರಲ್ಲಿ ಪ್ರಕಟವಾಯಿತು. ಆಗಿನ ಕಮಿಷನರು ದಾಖಲೆಯನ್ನು ತಿದ್ದಲು ಒಪ್ಪಲಿಲ್ಲ. ಎಪ್ಪತ್ತು ವರ್ಷ ಜನ ನಂಬಿದ್ದನ್ನು ಕದಲಿಸುವುದು ಅವರಿಗೆ ಇಷ್ಟವಿರಲಿಲ್ಲವೆಂದು ಕಾಣುತ್ತದೆ.

ಇದಕ್ಕೆ ಎದುರಾಗಿ ೧೯೪೧ನ್ನು ನೋಡಬೇಕು. ಬಾಸ್ಟನ್ನಿನ ಟೆಡ್ ವಿಲಿಯಮ್ಸ್ ಆ ವರ್ಷದ ಕಡೆಯ ದಿನ ಬೆಳಿಗ್ಗೆ ೦.೩೯೯೫೫ ಸರಾಸರಿಯಲ್ಲಿದ್ದರು. ದುಂಡಾಗಿ ಬರೆದರೆ ೦.೪೦೦ ಆಗುತ್ತಿತ್ತು, ಸುಮ್ಮನೆ ಕುಳಿತಿದ್ದರೂ ಸಾಕಿತ್ತು. ಕುಳಿತಿರುವ ಅವಕಾಶವನ್ನು ಮ್ಯಾನೇಜರು ಕೊಟ್ಟರೂ ಅವರು ಒಪ್ಪದೆ ಅಂದಿನ ಎರಡು ಆಟಗಳನ್ನೂ ಆಡಿ, ಎಂಟರಲ್ಲಿ ಆರು ಹೊಡೆತ ಗಳಿಸಿ, ೦.೪೦೬ರಲ್ಲಿ ವರ್ಷ ಮುಗಿಸಿದರು. ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಅಂದಿನಿಂದ ಇಂದಿನವರೆಗೆ ಒಬ್ಬನೂ ೦.೪೦೦ನ್ನು ಮುಟ್ಟಿಲ್ಲ. ಆದರೂ ಆ ವರ್ಷದ ಅತ್ಯಂತ ಬೆಲೆಯುಳ್ಳ ಆಟಗಾರನೆಂಬ ಪ್ರಶಸ್ತಿಯನ್ನು ಬರೆಹಗಾರರು ಕೊಟ್ಟದ್ದು ನ್ಯೂಯಾರ್ಕಿನ ಜೋ ಡಿಮ್ಯಾಜಿಯೋಗೆ. ಅವರು ಆ ಬೇಸಗೆಯಲ್ಲಿ ಸತತ ಐವತ್ತಾರು ಆಟಗಳಲ್ಲಿ ತಪ್ಪದೆ ಹೊಡೆತ ಗಳಿಸಿ ದೇಶವನ್ನೇ ಮರುಳುಮಾಡಿದ್ದರು. ಅವರ ತಂಡವೇ ಗೆದ್ದಿತ್ತು. ಇದನ್ನು ಅನ್ಯಾಯವೆಂದು ನಾವು ಹೇಳಲಾರೆವು. ಅಷ್ಟು ದಿನ ಒಂದು ಜನಾಂಗ ಬೆಳಿಗ್ಗೆ ಎದ್ದು ಮೊದಲು ಕೇಳಿದ ಸುದ್ದಿಗೆ ಬರೆಹಗಾರರು ಬೆಲೆ ಕೊಡದಿದ್ದರೆ ಇನ್ನಾರು ಕೊಟ್ಟಾರು?

ಆದರೆ ೧೯೪೨ರಲ್ಲಿ ವಿಲಿಯಮ್ಸ್ ಸರಾಸರಿ, ಹೋಮ್ ರನ್ನು, ಸಂಗಡಿಗರನ್ನು ಮನೆ ಮುಟ್ಟಿಸಿದ ಓಟಗಳು ಈ ಮೂರರಲ್ಲೂ ಲೀಗಿಗೆ ಮೊದಲಿಗರಾದರು. ಪ್ರಶಸ್ತಿ ಹೋದದ್ದು ನ್ಯೂಯಾರ್ಕಿನ ಜೋ ಗೋರ್ಡನ್‌ಗೆ. ಗೋರ್ಡನ್ ಆ ವರ್ಷ ಮೊದಲಿಗರಾದದ್ದು ಸ್ಟ್ರೈಕ್‌ಔಟ್ ಆಗುವುದರಲ್ಲಿ, ಜೋಡಿ ಔಟುಗಳಿಗೆ ಕಾರಣವಾಗುವುದರಲ್ಲಿ, ತಮ್ಮ ಸ್ಥಾನದ ಕ್ಷೇತ್ರರಕ್ಷಕರೊಳಗೆ ತಪ್ಪು ಮಾಡುವುದರಲ್ಲಿ! ೧೯೪೭ರಲ್ಲಿ ವಿಲಿಯಮ್ಸ್ ಮತ್ತೆ ಆ ಮೂರರಲ್ಲೂ ಮೊದಲಿಗರು. ಪ್ರಶಸ್ತಿ ಡಿಮ್ಯಾಜಿಯೋಗೆ, ೨೦೨ಕ್ಕೆ ೨೦೧, ಒಂದೇ ಅಂಕದಿಂದ. ವಿಲಿಯಮ್ಸ್ ಬಾಸ್ಟನ್ನಿನ ಪತ್ರಕರ್ತರೊಡನೆ ಜಗಳವಾಡಿಕೊಂಡಿದ್ದವರು. ಮುಖ ಸಿಂಡರಿಸಿಕೊಂಡಿರುವವನಿಗೆ ಮತ ಹಾಕುವುದು ಕಷ್ಟ. ಬರೆಹಗಾರರು ಹೇಳುವ 'ಸ್ವಭಾವ', 'ನಾಯಕತ್ವ' ಎಂಬ ಮಾತುಗಳಲ್ಲಿ ನಿಜವಾದ ಗುಣ ಎಷ್ಟು, ಸಂದರ್ಶನ ಕೊಡುವ ಸೌಜನ್ಯ ಎಷ್ಟು ಎಂದು ಬೇರ್ಪಡಿಸುವುದು ಆ ಕಾಲದಲ್ಲಿ ಸಾಧ್ಯವಿರಲಿಲ್ಲ.

ಇಲ್ಲಿಯೂ 'ವಾಕ್' ವಿಚಾರ ಅಡಗಿದೆ. ೧೯೪೧ರಲ್ಲಿ ವಿಲಿಯಮ್ಸ್ ನೂರನಲವತ್ತಕ್ಕೂ ಹೆಚ್ಚು ಸಲ ನಡೆದು ನೆಲೆ ಸೇರಿದ್ದರು. ಹೊಡೆದದ್ದು ನಡೆದದ್ದು ಎಲ್ಲವನ್ನೂ ಸೇರಿಸಿದರೆ ನೂರಕ್ಕೆ ಐವತ್ತೈದು ಸಲ ಅವರು ಔಟಾಗದೆ ನೆಲೆ ಮುಟ್ಟುತ್ತಿದ್ದರು. ಅಂದಿನ ಪತ್ರಿಕೆಗಳಲ್ಲಿ ಈ ಅಂಕಿಗೆ ಒಂದು ಕಂಬಸಾಲು ಕೂಡ ಇರಲಿಲ್ಲ. ಕಂಬಸಾಲಿಲ್ಲದ ಗುಣ ಕಣ್ಣಿಗೂ ಬೀಳುವುದಿಲ್ಲ.

ಅದನ್ನು ಕಂಡವರು ಒಬ್ಬಿಬ್ಬರು ಇದ್ದರು. ಬ್ರೂಕ್ಲಿನ್ ಡಾಜರ್ಸ್ ತಂಡದ ಬ್ರ್ಯಾಂಚ್ ರಿಕಿ ೧೯೪೭ರಲ್ಲಿ ಮಾಂಟ್ರಿಯಲ್ಲಿನ ಅಲನ್ ರಾತ್ ಎಂಬ ತರುಣನನ್ನು ಕೇವಲ ಲೆಕ್ಕ ಬರೆಯುವುದಕ್ಕೆಂದೇ ನೇಮಿಸಿಕೊಂಡರು. ರಾತ್ ಪ್ರತಿಯೊಂದು ಎಸೆತವನ್ನೂ ಬರೆದಿಡುತ್ತಿದ್ದರು. ೧೯೫೪ರಲ್ಲಿ ರಿಕಿ 'ಲೈಫ್' ಪತ್ರಿಕೆಯಲ್ಲಿ ಲೇಖನ ಬರೆದು, ಸರಾಸರಿಗಿಂತ ನೆಲೆ ಮುಟ್ಟುವ ಪ್ರಮಾಣವೇ ಮುಖ್ಯವೆಂದು ವಾದಿಸಿದರು. ಓದಿದವರು ಓದಿದರು, ಮರೆತರು.

ಮರೆಯದಂತೆ ಮಾಡಿದವನು ಒಬ್ಬ ರಾತ್ರಿ ಕಾವಲುಗಾರ. ಕಾನ್ಸಾಸ್ ರಾಜ್ಯದಲ್ಲಿ ೧೯೪೯ರಲ್ಲಿ ಹುಟ್ಟಿದ ಬಿಲ್ ಜೇಮ್ಸ್, ಅವರೆಕಾಳಿನಂಥ ಬೀನ್ಸನ್ನೂ ಹಂದಿಮಾಂಸವನ್ನೂ ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ರಾತ್ರಿ ಪಾಳಿಯ ಕಾವಲು ಕಾಯುತ್ತ, ದೀಪದಡಿಯಲ್ಲಿ ಸ್ಕೋರು ಪಟ್ಟಿಗಳನ್ನು ಹರಡಿಕೊಂಡು ಪ್ರಶ್ನೆ ಕೇಳುತ್ತ ಕುಳಿತಿದ್ದವರು. ೧೯೭೭ರಲ್ಲಿ ತಾವೇ ಅಚ್ಚುಹಾಕಿಸಿದ ಮೊದಲ ಪುಸ್ತಿಕೆ ಎಪ್ಪತ್ತೈದು ಪ್ರತಿ ಮಾರಾಟವಾಯಿತು. (ನಮ್ಮ ಸಂಘಗಳಲ್ಲಿ ಕವನಸಂಗ್ರಹ ಹೊರತಂದವರು ಇದನ್ನು ಕೇಳಿ ಸಮಾಧಾನ ಪಡಬಹುದು.) ೧೯೮೨ರ ಹೊತ್ತಿಗೆ ದೊಡ್ಡ ಪ್ರಕಾಶಕರೇ ಅವರ ವಾರ್ಷಿಕ ಸಂಪುಟವನ್ನು ಹೊರತರತೊಡಗಿದರು. ಈ ವಿದ್ಯೆಗೆ 'ಸೇಬರ್‌ಮೆಟ್ರಿಕ್ಸ್' ಎಂದು ಹೆಸರಿಟ್ಟವರೂ ಅವರೇ. ೧೯೭೧ರಲ್ಲಿ ಕೂಪರ್ಸ್‌ಟೌನಿನಲ್ಲೇ ಹುಟ್ಟಿದ ಬೇಸ್‌ಬಾಲ್ ಸಂಶೋಧನಾ ಸಂಘದ ಹೆಸರಿನ ಮೊದಲಕ್ಷರಗಳಿಂದ ಬಂದ ಪದ ಅದು. ೨೦೦೩ರಲ್ಲಿ ಬಾಸ್ಟನ್ ತಂಡ ಅವರನ್ನು ಸಲಹೆಗಾರರಾಗಿ ಕರೆದುಕೊಂಡಿತು. ಮರುವರ್ಷ ಅದು ಎಂಬತ್ತಾರು ವರ್ಷಗಳ ಬಳಿಕ ವಿಶ್ವಸರಣಿಯನ್ನು ಗೆದ್ದಿತು. ಗೆಲುವೆಲ್ಲ ಅವರದೆಂದರೆ ಅವರೇ ಒಪ್ಪಲಾರರು.

ಜೇಮ್ಸ್ ಹೆಚ್ಚು ಅಂಕಿ ಕಂಡುಹಿಡಿದದ್ದಕ್ಕಿಂತ ಇದ್ದ ಅಂಕಿಗಳನ್ನು ಪ್ರಶ್ನಿಸಿದ್ದೇ ದೊಡ್ಡದು ಎಂದು ನಮಗೆ ತೋರುತ್ತದೆ. ಕ್ಷೇತ್ರರಕ್ಷಕನೊಬ್ಬ ವರ್ಷದಲ್ಲಿ ಹತ್ತೇ ತಪ್ಪು ಮಾಡಿದನೆಂದು ಹೊಗಳುತ್ತೀರಿ. ಚೆಂಡಿನ ಬಳಿಗೆ ಹೋಗದವನು ತಪ್ಪು ಮಾಡುವುದೆಲ್ಲಿಂದ ಬಂತು? ಓಡಿಹೋಗಿ ಕೈಚಾಚಿ ತಪ್ಪಿಸಿಕೊಂಡವನಿಗೆ ಪುಸ್ತಕದಲ್ಲಿ ಕಪ್ಪು ಚುಕ್ಕೆ, ನಿಂತಲ್ಲೇ ನಿಂತವನಿಗೆ ಬಿಳಿಯ ಹಾಳೆ. ಹಾಗಾದರೆ ತಪ್ಪನ್ನಲ್ಲ, ಎಷ್ಟು ಚೆಂಡನ್ನು ಹಿಡಿದು ಔಟು ಮಾಡಿದನೆಂಬುದನ್ನು ಎಣಿಸಿರಿ ಎಂದರು. ಇನ್ನು, ಸಂಗಡಿಗರನ್ನು ಮನೆ ಮುಟ್ಟಿಸಿದ ಓಟ ಹೆಚ್ಚೆಂದು ಒಬ್ಬನನ್ನು ಕೊಂಡಾಡುವಾಗ, ಅವನ ಮುಂದೆ ನೆಲೆಗಳ ಮೇಲೆ ನಿಂತಿದ್ದವರಾರು ಎಂದು ಕೇಳಬೇಡವೆ? ಸಮುದ್ರಮಟ್ಟದಿಂದ ಸುಮಾರು ಒಂದು ಮೈಲಿ ಎತ್ತರದ ಡೆನ್ವರಿನಲ್ಲಿ ತೆಳುವಾದ ಗಾಳಿಯಲ್ಲಿ ಚೆಂಡು ದೂರ ಹಾರುತ್ತದೆ. ಅಲ್ಲಿನ ಹೊಡೆತವನ್ನೂ ಬೇರೆ ಊರಿನ ಹೊಡೆತವನ್ನೂ ಒಂದೇ ಸೇರಿನಲ್ಲಿ ಅಳೆಯಬಹುದೆ? ಇವು ಗಣಿತದ ಪ್ರಶ್ನೆಗಳೆಂದು ಹೆಸರಾದವು. ನಮಗಂತೂ ಇವು ಪಂಚಾಯಿತಿಕಟ್ಟೆಯ ಪ್ರಶ್ನೆಗಳಂತೆಯೇ ಕಾಣುತ್ತವೆ. ಬೆಳೆ ಬಂದದ್ದು ರೈತನ ದುಡಿಮೆಯಿಂದಲೋ, ಕಾಲುವೆಯ ಮುಂಬದಿಯ ಗದ್ದೆ ಅವನ ಪಾಲಿಗೆ ಬಂದದ್ದರಿಂದಲೋ ಎಂದು ಕೇಳಿದ ಹಾಗೆ.

ಕಂಬಸಾಲುಗಳು ಹೇಗೆ ಮೋಸ ಮಾಡುತ್ತವೆಂಬುದು ಈ ಊರಿನವರಿಗೆ ಹೊಸದಲ್ಲ. ೧೯೭೫ರ ಜನವರಿಯಲ್ಲಿ ಇಲ್ಲಿಯ ಚೆಪಾಕಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತ ದಿನ ಭಾರತ ಗಳಿಸಿದ ಮೊತ್ತ ೧೯೦. ಅದರಲ್ಲಿ ನಮ್ಮ ಭದ್ರಾವತಿಯ ವಿಶ್ವನಾಥರದು ಔಟಾಗದೆ ೯೭. ಶತಕಗಳ ಕಂಬಸಾಲಿನಲ್ಲಿ ಅದಕ್ಕೆ ಬೆಲೆ ಸೊನ್ನೆ. ಅಂದು ಕಣ್ಣಾರೆ ಕಂಡ ಹಿರಿಯರು ಅದನ್ನು ಶತಕಗಳಿಗಿಂತ ಮೇಲೆಂದರು. ಒಟ್ಟು ಮೊತ್ತದಲ್ಲಿ ಅದು ಅರ್ಧಕ್ಕಿಂತ ಹೆಚ್ಚು ಎಂದು ಭಾಗಾಕಾರ ಮಾಡುವವನೂ ಅದನ್ನೇ ಹೇಳುತ್ತಾನೆ. ಕಣ್ಣಿಗೂ ಹೊಸ ಲೆಕ್ಕಕ್ಕೂ ಇಲ್ಲಿ ಜಗಳವೇ ಇಲ್ಲ, ಇಬ್ಬರಿಗೂ ಅಡ್ಡವಾಗಿ ನಿಂತದ್ದು ಹಳೆಯ ಕಂಬಸಾಲು.

ಬೇಸ್‌ಬಾಲಿನಲ್ಲಿ ಈ ಬಗೆಯ ಅಡ್ಡಗೋಡೆ ಎಂದರೆ ಪಿಚರನ ಹೆಸರಿಗೆ ಬರೆಯುವ 'ಜಯ'. ತಂಡ ಗೆದ್ದರೆ ಎಸೆದವನ ಖಾತೆಗೆ ಜಯ, ಸೋತರೆ ಸೋಲು. ಅವನು ಎದುರಾಳಿಗೆ ಒಂದೇ ಓಟ ಕೊಟ್ಟಿರಬಹುದು. ತನ್ನವರು ಒಂದೂ ಗಳಿಸದಿದ್ದರೆ ಸೋತವನು ಅವನೇ.

ಹಾಲೆಂಡಿನಲ್ಲಿ ಹುಟ್ಟಿದ ಬರ್ಟ್ ಬ್ಲೈಲೆವೆನ್ ಇಪ್ಪತ್ತೆರಡು ವರ್ಷ ಪಿಚರಾಗಿದ್ದು ೧೯೯೨ರಲ್ಲಿ ನಿವೃತ್ತರಾದರು. ಸ್ಟ್ರೈಕ್‌ಔಟುಗಳು ೩೭೦೧, ಅವರು ಬಿಡುವಾಗ ಚರಿತ್ರೆಯಲ್ಲಿ ಮೂರನೆಯ ಸ್ಥಾನ. ಎದುರಾಳಿಗೆ ಒಂದೂ ಓಟ ಕೊಡದೆ ಮುಗಿಸಿದ ಆಟಗಳು ಅರವತ್ತು. ಆದರೆ ಜಯಗಳು ೨೮೭, ಮುನ್ನೂರಕ್ಕೆ ಹದಿಮೂರು ಕಡಮೆ, ಸೋಲುಗಳು ೨೫೦. ಮುನ್ನೂರು ಎಂಬುದು ಬರೆಹಗಾರರ ಮನಸ್ಸಿನಲ್ಲಿ ಹೊಸಲಿನಂತೆ ಇತ್ತು. ೧೯೯೮ರ ಮೊದಲ ಮತದಾನದಲ್ಲಿ ಅವರಿಗೆ ಬಂದದ್ದು ನೂರಕ್ಕೆ ಹದಿನೇಳೂವರೆ ಮತ. ಬಹುಕಾಲ ದುರ್ಬಲ ತಂಡಗಳಿಗೆ ಎಸೆದ ಮನುಷ್ಯ, ಸಂಗಡಿಗರು ಓಟ ಗಳಿಸದಿದ್ದರೆ ಅವರೇನು ಮಾಡಿಯಾರು ಎಂದು ಲೆಕ್ಕಿಗರು ವರ್ಷವರ್ಷವೂ ಬರೆದರು. ಅವರಲ್ಲಿ ಮುಂದಾಳಾಗಿ ಬರೆದ ಕ್ಯಾಲಿಫೋರ್ನಿಯದವರೊಬ್ಬರು ಸ್ವತಃ ಕ್ರೀಡಾಲೇಖಕರೊಬ್ಬರ ಮಗ ಎಂಬುದು ಸ್ವಾರಸ್ಯ. ಮತ ಹಾಕುವವರಿಗೆ ಒಬ್ಬೊಬ್ಬರಿಗಾಗಿ ವಾದವನ್ನು ಬಿಡಿಸಿ ಹೇಳಿದರು. ಕೆಲವರು ಸಿಟ್ಟಾದರು, ಕೆಲವರು ಮನಸ್ಸು ಬದಲಿಸಿದರು, ಬದಲಿಸಿದ್ದನ್ನು ತಮ್ಮ ಅಂಕಣಗಳಲ್ಲಿ ಬರೆದೂ ಬರೆದರು. ಹದಿನಾಲ್ಕನೆಯ ವರ್ಷ, ೨೦೧೧ರಲ್ಲಿ, ನೂರಕ್ಕೆ ಸುಮಾರು ಎಂಬತ್ತು ಮತಗಳಿಂದ ಬ್ಲೈಲೆವೆನ್ ಗೋಡೆ ಏರಿದರು. ಇನ್ನೊಂದು ವರ್ಷ ತಪ್ಪಿದ್ದರೆ ಬರೆಹಗಾರರ ಬಾಗಿಲು ಮುಚ್ಚಿಹೋಗುತ್ತಿತ್ತು.

ಅವರಿಗೆ ಎದುರಾಗಿ ಜನ ನಿಲ್ಲಿಸಿದ್ದು ಜ್ಯಾಕ್ ಮಾರಿಸ್‌ರನ್ನು. ೧೯೮೦ರ ದಶಕದಲ್ಲಿ ಅತಿ ಹೆಚ್ಚು ಜಯ ಅವರದೇ. ೧೯೯೧ರ ವಿಶ್ವಸರಣಿಯ ಏಳನೆಯ ಆಟದಲ್ಲಿ ಒಂಬತ್ತು ಸರದಿ ಮುಗಿದರೂ ಕೆಳಗಿಳಿಯದೆ ಹತ್ತನೆಯದನ್ನೂ ಎಸೆದು, ಒಂದಕ್ಕೆ ಸೊನ್ನೆಯಿಂದ ಮಿನ್ನೆಸೋಟವನ್ನು ಗೆಲ್ಲಿಸಿದರು. ಆ ರಾತ್ರಿ ಅಲ್ಲಿದ್ದ ಬರೆಹಗಾರ ಅದನ್ನು ಮರೆಯಲಾರ, ಮರೆಯಲೂಬಾರದು. ಆದರೆ ಇಡೀ ಬಾಳಿನ ಲೆಕ್ಕದಲ್ಲಿ ಒಂಬತ್ತು ಸರದಿಗೆ ಅವರು ಕೊಟ್ಟ ಓಟ ೩.೯೦, ಬ್ಲೈಲೆವೆನ್ ಕೊಟ್ಟದ್ದು ೩.೩೧. ತಂಡ ಬಹಳ ಮುಂದಿದ್ದಾಗ ಮಾರಿಸ್ ಕೈ ಸಡಿಲಿಸುತ್ತಿದ್ದರು, ಬಿಗಿಯಾದಾಗ ಬಿಗಿಯುತ್ತಿದ್ದರು, ಅದಕ್ಕೇ ಆ ಅಂಕಿ ದಪ್ಪ ಎಂಬುದು ಅವರ ಪಕ್ಷದವರ ಸಮರ್ಥನೆ. ಇದು ಪರೀಕ್ಷಿಸಬಹುದಾದ ಮಾತು. ಲೆಕ್ಕಿಗರು ಅವರ ಆಟಗಳನ್ನು ಸರದಿ ಸರದಿಯಾಗಿ ತೆಗೆದು ನೋಡಿದರು, ಹಾಗೇನೂ ಕಾಣಲಿಲ್ಲ. ಹದಿನೈದು ವರ್ಷ ಕಾದರೂ ಬರೆಹಗಾರರ ಮತ ಸಾಲದೆ, ೨೦೧೭ರ ಕಡೆಗೆ ಸಮಿತಿಯ ಮೂಲಕ ಮಾರಿಸ್ ಆಯ್ಕೆಯಾದರು. ನಮ್ಮನ್ನು ಕೇಳಿದರೆ ಬ್ಲೈಲೆವೆನ್ ಹಿರಿಯ ಪಿಚರು, ಮಾರಿಸರದು ಹಿರಿಯ ರಾತ್ರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದ್ದರಿಂದಲೇ ಅಷ್ಟು ವರ್ಷ ಗಲಭೆಯಾಯಿತು.

ಅಷ್ಟರಲ್ಲಿ ಬರೆಹಗಾರರೇ ಬದಲಾಗುತ್ತಿದ್ದರು. ೨೦೧೦ರಲ್ಲಿ ಸಿಯಾಟಲ್ಲಿನ ಫೆಲಿಕ್ಸ್ ಹೆರ್ನಾಂಡೆಜ್‌ಗೆ ಹದಿಮೂರು ಜಯ, ಹನ್ನೆರಡು ಸೋಲು. ಇಪ್ಪತ್ತೊಂದು ಜಯ ಗಳಿಸಿದವರು ಎದುರಿಗಿದ್ದರೂ ವರ್ಷದ ಪಿಚರನೆಂಬ ಪ್ರಶಸ್ತಿಯನ್ನು ಅವರಿಗೇ ಕೊಟ್ಟರು. ಎರಡು ವರ್ಷದ ಮೇಲೆ ಮತ್ತೆ ಹಳೆಯ ಕಡೆಗೆ ವಾಲಿದರು. ೨೦೧೨ರಲ್ಲಿ ಮಿಗೆಲ್ ಕಬ್ರೆರಾ ವಿಲಿಯಮ್ಸ್‌ರಂತೆ ಮೂರು ಪಟ್ಟಿಗಳಲ್ಲೂ ಮೊದಲಿಗರಾದರು. ೧೯೬೭ರ ಬಳಿಕ ಅದು ಯಾರಿಗೂ ಆಗಿರಲಿಲ್ಲ. ಲೆಕ್ಕಿಗರು ಓಟದ ವೇಗ, ಕ್ಷೇತ್ರರಕ್ಷಣೆ ಎಲ್ಲವನ್ನೂ ಕೂಡಿಸಿ ತರುಣ ಮೈಕ್ ಟ್ರೌಟ್ ಮೇಲೆಂದರು. ಇಪ್ಪತ್ತೆಂಟು ಮತದಾರರಲ್ಲಿ ಇಪ್ಪತ್ತೆರಡು ಮಂದಿ ಕಬ್ರೆರಾ ಹೆಸರನ್ನು ಮೊದಲು ಬರೆದರು. ಎಪ್ಪತ್ತು ವರ್ಷದ ಹಿಂದೆ ಮೂರು ಪಟ್ಟಿಗಳಲ್ಲೂ ಮೊದಲಿಗನಾದವನನ್ನು ಎರಡು ಸಲ ತಳ್ಳಿದ್ದ ಬರೆಹಗಾರರ ಸಂಘ ಈಗ ಅದೇ ಸಾಧನೆಗಾಗಿ ಇನ್ನೊಬ್ಬನನ್ನು ಎತ್ತಿ ಹಿಡಿಯಿತು. ಲೆಕ್ಕಿಗರೂ ಸರ್ವಜ್ಞರಲ್ಲ. ಸಾಧಾರಣ ಬದಲಿ ಆಟಗಾರನಿಗಿಂತ ಈತ ಎಷ್ಟು ಜಯ ಹೆಚ್ಚು ತಂದನೆಂಬ ಅವರ ಒಟ್ಟು ಲೆಕ್ಕದಲ್ಲಿ ಕ್ಷೇತ್ರರಕ್ಷಣೆಯ ಭಾಗ ಊಹೆಗೆ ಹತ್ತಿರ. ಇಬ್ಬರು ಲೆಕ್ಕ ಹಾಕಿದರೆ ಎರಡು ಉತ್ತರ ಬರುವುದುಂಟು. ಬ್ಯಾರಿ ಬಾಂಡ್ಸ್ ವಿಚಾರದಲ್ಲಿ ಲೆಕ್ಕ ಬಾಯಿಯನ್ನೇ ಮುಚ್ಚಿಕೊಳ್ಳುತ್ತದೆ. ೭೬೨ ಹೋಮ್ ರನ್ನು, ಚರಿತ್ರೆಯಲ್ಲೇ ಹೆಚ್ಚು. ಆದರೆ ಮದ್ದಿನ ಸಹಾಯ ಪಡೆದರೆಂಬ ಆಪಾದನೆಯಿಂದ ೨೦೨೨ರ ಕಡೆಯ ಮತದಾನದಲ್ಲೂ ಬರೆಹಗಾರರು ಒಳಗೆ ಬಿಡಲಿಲ್ಲ. ಅಲ್ಲಿ ಬೇಕಾದದ್ದು ಧರ್ಮಾಧರ್ಮದ ವಿಚಾರ. ಅದನ್ನು ಮನುಷ್ಯರೇ ಮಾಡಬೇಕು, ಮತದ ಚೀಟಿ ಹಿಡಿದೇ ಮಾಡಬೇಕು.

ಇಷ್ಟೆಲ್ಲ ಕೇಳಿ, ಆಟದ ಮಾತಿಗೆ ಇಷ್ಟು ಗಂಭೀರವಾಗಬೇಕೆ ಎಂದು ಯಾರಿಗಾದರೂ ಅನ್ನಿಸಿದರೆ ಷಿಕಾಗೋದ ರಾನ್ ಸ್ಯಾಂಟೋರ ವೃತ್ತಾಂತವನ್ನು ಹೇಳಬೇಕು. ಸಿಹಿಮೂತ್ರ ರೋಗವಿದ್ದೂ ಅದನ್ನು ಬಹುಕಾಲ ಬಚ್ಚಿಟ್ಟು ೧೯೬೦ರಿಂದ ೧೯೭೪ರವರೆಗೆ ಆಡಿದವರು. ಸರಾಸರಿ ೦.೨೭೭, ನೋಡಲು ಸಾಧಾರಣ. ಆದರೆ ಆ ಕಾಲ ಪಿಚರುಗಳ ಕಾಲ. ೧೯೬೮ರಲ್ಲಿ 'ಮೇಜರ್ ಲೀಗು'ಗಳ ಒಟ್ಟು ಸರಾಸರಿಯೇ ೦.೨೩೭ಕ್ಕೆ ಇಳಿದಿತ್ತು. ಸ್ಯಾಂಟೋ ನಾಲ್ಕು ವರ್ಷ 'ವಾಕ್'ಗಳಲ್ಲಿ ಲೀಗಿಗೇ ಮೊದಲಿಗರು, ಅದೇ ಕಂಬಸಾಲಿಲ್ಲದ ಗುಣ. ೧೯೮೦ರ ಮೊದಲ ಮತದಾನದಲ್ಲಿ ನೂರಕ್ಕೆ ಐದೂ ಬರಲಿಲ್ಲ. ಮತ್ತೆ ಪಟ್ಟಿಗೆ ಸೇರಿಸಿದರು; ಹದಿನೈದು ಮತದಾನ ಮುಗಿದರೂ ಅರ್ಧವನ್ನು ಮುಟ್ಟಲಿಲ್ಲ. ಲೆಕ್ಕಿಗರು ಅವರ ಪರವಾಗಿ ಬರೆಯುತ್ತಲೇ ಇದ್ದರು. ರೋಗದಿಂದ ಎರಡು ಕಾಲುಗಳನ್ನೂ ಕಳೆದುಕೊಂಡು, ರೇಡಿಯೋದಲ್ಲಿ ತಮ್ಮ ತಂಡದ ಆಟವನ್ನು ವರ್ಣಿಸುತ್ತಿದ್ದ ಸ್ಯಾಂಟೋ ೨೦೧೦ರ ಡಿಸೆಂಬರಿನಲ್ಲಿ ತೀರಿಕೊಂಡರು. ಸಮಿತಿ ಅವರನ್ನು ಆರಿಸಿದ್ದು ೨೦೧೧ರ ಡಿಸೆಂಬರಿನಲ್ಲಿ. ಫಲಕವನ್ನು ಅವರ ಹೆಂಡತಿ ಮಕ್ಕಳು ನೋಡಿದರು.

ಇನ್ನು ಎಣಿಕೆಗೇ ಸಿಗದವರ ವಿಷಯ. ೧೯೪೭ರ ಏಪ್ರಿಲಿನಲ್ಲಿ ಜ್ಯಾಕಿ ರಾಬಿನ್‌ಸನ್ ಬ್ರೂಕ್ಲಿನ್ ಪರವಾಗಿ ಇಳಿಯುವವರೆಗೆ, ಹತ್ತೊಂಬತ್ತನೆಯ ಶತಮಾನದ ಕೆಲವರನ್ನು ಬಿಟ್ಟರೆ, ಕಪ್ಪು ಜನಾಂಗದವರಿಗೆ ದೊಡ್ಡ ಲೀಗುಗಳಲ್ಲಿ ಪ್ರವೇಶವಿರಲಿಲ್ಲ. ಅವರನ್ನು ತಂದವರು ನಾವು ಆಗ ಹೇಳಿದ ಬ್ರ್ಯಾಂಚ್ ರಿಕಿಯೇ. ಲೆಕ್ಕಿಗ ರಾತ್ ಬಂದದ್ದೂ ಅದೇ ವರ್ಷ. ರಾಬಿನ್‌ಸನ್ ಹೆಸರನ್ನು ರಿಕಿಗೆ ಸೂಚಿಸಿದವರು 'ಪಿಟ್ಸ್‌ಬರ್ಗ್ ಕೊರಿಯರ್' ಪತ್ರಿಕೆಯ ಕ್ರೀಡಾಲೇಖಕ ವೆಂಡೆಲ್ ಸ್ಮಿತ್. ಆ ಸ್ಮಿತ್‌ಗೂ ಅವರ ಜನಾಂಗದ ಇತರ ಲೇಖಕರಿಗೂ ೧೯೪೮ರವರೆಗೆ ಬೇಸ್‌ಬಾಲ್ ಬರೆಹಗಾರರ ಸಂಘದಲ್ಲಿ ಜಾಗವಿರಲಿಲ್ಲ. ಅದಕ್ಕೂ ಮೊದಲು ಆ ಜನಾಂಗದವರು ಆಡುತ್ತಿದ್ದದ್ದು 'ನೀಗ್ರೋ ಲೀಗ್' ಎಂಬ ಪ್ರತ್ಯೇಕ ಲೀಗುಗಳಲ್ಲಿ. ಅಲ್ಲಿಯ ದೈತ್ಯ ದಾಂಡಿಗ ಜೋಶ್ ಗಿಬ್ಸನ್ ರಾಬಿನ್‌ಸನ್ ಇಳಿಯುವುದಕ್ಕೆ ಮೂರು ತಿಂಗಳು ಮೊದಲು, ಮೂವತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡರು. ದೊಡ್ಡ ಪತ್ರಿಕೆಗಳ ಬರೆಹಗಾರರು ಅವರ ಆಟವನ್ನು ನೋಡಲು ಹೋದದ್ದೇ ಅಪರೂಪ. ಲೆಕ್ಕಿಗರ ಕೈಗೆ ಅವರ ಅಂಕಿ ಸಿಗಲಿಲ್ಲ. ಉಳಿದದ್ದು ದಂತಕಥೆ. ೧೯೬೬ರಲ್ಲಿ ಟೆಡ್ ವಿಲಿಯಮ್ಸ್ ಕೀರ್ತಿಮಂದಿರಕ್ಕೆ ಸೇರಿದ ದಿನ ಮಾಡಿದ ಭಾಷಣದಲ್ಲಿ, ಅವಕಾಶ ಸಿಗದ ಗಿಬ್ಸನ್ ಮತ್ತು ಸ್ಯಾಚೆಲ್ ಪೇಜ್ ಅವರಂಥವರಿಗೂ ಅಲ್ಲಿ ಸ್ಥಾನ ದೊರೆಯಲಿ ಎಂದು ಕೇಳಿಕೊಂಡರು. ಗಿಬ್ಸನ್ ೧೯೭೨ರಲ್ಲಿ ಆಯ್ಕೆಯಾದರು. ಸುಮಾರು ಎಂಟುನೂರು ಹೋಮ್ ರನ್ನು ಹೊಡೆದರೆಂದು ಅವರ ಫಲಕ ಹೇಳುತ್ತದೆ. ಅದು ಊರೂರು ತಿರುಗಿ ಆಡಿದ ಆಟಗಳೆಲ್ಲ ಸೇರಿದ ಅಂದಾಜು.

ಆ ಬಳಿಕ ಹತ್ತಾರು ಮಂದಿ ಸಂಶೋಧಕರು ಗ್ರಂಥಾಲಯಗಳಲ್ಲಿ ಕುಳಿತು, 'ಪಿಟ್ಸ್‌ಬರ್ಗ್ ಕೊರಿಯರ್', 'ಷಿಕಾಗೋ ಡಿಫೆಂಡರ್' ಮೊದಲಾದ ಕಪ್ಪು ಜನಾಂಗದ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಪುಟ ಪುಟವಾಗಿ ಓದಿ, ಅಲ್ಲಿ ವೆಂಡೆಲ್ ಸ್ಮಿತ್‌ರಂಥವರು ಬರೆದಿಟ್ಟ ವರದಿಗಳಿಂದ, ಸಣ್ಣಕ್ಷರದ ಸ್ಕೋರು ಪಟ್ಟಿಗಳಿಂದ ಒಂದೊಂದೇ ಆಟದ ಲೆಕ್ಕವನ್ನು ಕೂಡಿಸಿದರು. ೨೦೨೦ರ ಡಿಸೆಂಬರಿನಲ್ಲಿ ಆ ಲೀಗುಗಳಿಗೆ 'ಮೇಜರ್' ಎಂಬ ಮನ್ನಣೆ ಬಂತು. ೨೦೨೪ರ ಮೇ ತಿಂಗಳಲ್ಲಿ ಅಂಕಿಗಳು ಅಧಿಕೃತ ಪುಸ್ತಕವನ್ನು ಸೇರಿದವು. ಲೀಗಿನ ಆಟಗಳನ್ನಷ್ಟೆ ಎಣಿಸಿದರೆ ಗಿಬ್ಸನ್‌ರ ಹೋಮ್ ರನ್ನುಗಳು ಇನ್ನೂರಕ್ಕೂ ಕಡಮೆ. ದಂತಕಥೆ ಅಷ್ಟರಮಟ್ಟಿಗೆ ಕುಗ್ಗಿತು. ಆದರೆ ಅವರ ಜೀವಮಾನದ ಸರಾಸರಿ ೦.೩೭೨. ಟೈ ಕಾಬ್‌ನದು ೦.೩೬೭. ಯಾರ ಕೈಗೂ ಎಟುಕದೆಂದು ಮೂರು ತಲೆಮಾರು ನಂಬಿದ್ದ ಮೊದಲನೆಯ ಸಾಲಿನಲ್ಲಿ ಈಗ ಇರುವುದು ಗಿಬ್ಸನ್ ಹೆಸರು.

ಕೆಲಸ ಇನ್ನೂ ಪೂರ್ತಿಯಾಗಿಲ್ಲ. ಕೆಲವು ಆಟಗಳಿಗೆ ಸೋಲು ಗೆಲುವಿನ ಒಂದು ಸಾಲು ಬಿಟ್ಟರೆ ಪಟ್ಟಿಯೇ ಅಚ್ಚಾಗಿಲ್ಲ. ಕೆಲವು ಊರುಗಳ ಪತ್ರಿಕೆಗಳ ಸಂಚಿಕೆಗಳು ಎಲ್ಲಿಯೂ ದೊರೆತಿಲ್ಲ. ದೊರೆತಷ್ಟನ್ನು ವರ್ಷವರ್ಷವೂ ಸೇರಿಸುತ್ತಿದ್ದಾರೆ. ನಮ್ಮ ವೇಳೆ ಮುಗಿಯಿತು. ಮಿತ್ರರು ಪ್ರಶ್ನೆ ಕೇಳುವುದಾದರೆ ತಿಳಿದಷ್ಟು ಹೇಳುತ್ತೇವೆ.